ನಮ್ಮ ಮನೆಯೊಳಗೆ ಸೊನ್ನೆ ಬಂದ ಬಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಹಠದ ಹೆಂಗಸು. ಹಠ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ನಡೆದೇ ಇದೆ. ಕೆಟ್ಟದ್ದು ಎನ್ನುತ್ತಾರೆ ನನ್ನ ಗಂಡ. ಒಳ್ಳೆಯದೇ, ಆದರೆ ಮನೆಯಲ್ಲಿ ಒಬ್ಬರಿಗೆ ಮಾತ್ರ ಇರಬೇಕು ಎನ್ನುತ್ತಾರೆ ಅತ್ತೆ. ಆ ಒಬ್ಬರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಲಿಂಗಸುಗೂರಿನ ಕಡೆಯಿಂದ ಹೈದರಾಬಾದಿಗೆ ಬಂದು, ಮಿಯಾಪುರದ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲಿ ನೆಲೆಸಿದರೂ ಅತ್ತೆ ಊರಿನಿಂದ ತಮ್ಮ ಕಾಯಿದೆಗಳನ್ನೆಲ್ಲ ಜೊತೆಗೇ ತಂದಿದ್ದಾರೆ. ಆ ಕಾಯಿದೆಗಳ ಪ್ರಕಾರ ಮನೆಯಲ್ಲಿ ಅಕ್ಕಿ ತೀರುವುದಿಲ್ಲ, 'ಹೆಚ್ಚಾಗುತ್ತದೆ'. ಬಳೆ ಒಡೆಯುವುದಿಲ್ಲ, 'ಹೆಚ್ಚುತ್ತದೆ'. ದೀಪವನ್ನು ಆರಿಸುವುದಿಲ್ಲ, 'ದೊಡ್ಡದು' ಮಾಡುತ್ತೇವೆ. ಕೆಲಸಕ್ಕೆ ಹೊರಟವರು 'ಹೋಗ್ತೀನಿ' ಎಂದರೆ ಬಾಗಿಲಿನಿಂದ ವಾಪಸು ಕರೆಸಿ, ನೀರು ಕುಡಿಸಿ, 'ಬರ್ತೀನಿ' ಅನ್ನಿಸಿ ಕಳಿಸುತ್ತಾರೆ. ಎಲ್ಲಕ್ಕಿಂತ ಬಿಗಿಯಾದ ಕಾಯಿದೆ ಡಬ್ಬಿಯದು. ಅಡುಗೆಮನೆಯ ಯಾವ ಡಬ್ಬಿಯ ತಳವೂ ಕಾಣಬಾರದು. ಕೊನೆಯ ಒಂದು ಹಿಡಿಯನ್ನು ಮುಟ್ಟುವಂತಿಲ್ಲ. ಹೊಸದು ತಂದು ಅದರ ಮೇಲೆ ಸುರಿಯುವ ತನಕ ಅದು ಅಲ್ಲೇ ಇರಬೇಕು. ತಳ ಕಂಡರೆ ಲಕ್ಷ್ಮಿ ಎದ್ದು ಹೋಗುತ್ತಾಳಂತೆ.

ಮದುವೆಯಾದ ಹೊಸದರಲ್ಲಿ ಒಂದು ಸಲ ನಾನು ಜೋಳದ ಹಿಟ್ಟಿನ ಡಬ್ಬಿಯನ್ನು ಬಳಿದು, ತೊಳೆದು, ಬಿಸಿಲಿಗೆ ಬೋರಲು ಹಾಕಿದ್ದೆ. ಜಾಣ ಸೊಸೆ ಅನ್ನಿಸಿಕೊಳ್ಳುವ ಆಸೆ. ಅತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಬಾಯಿಬಿಟ್ಟು, "ನಿಮ್ಮ ಮನ್ಯಾಗ ಹಿಂಗ ಮಾಡ್ತಿದ್ರೇನು?" ಎಂದು ಒಂದೇ ಮಾತು ಕೇಳಿದರು. ಆ ಒಂದು ಮಾತಿಗಿಂತ ಮೂರು ದಿನದ ಮೌನವೇ ಚಲೋ ಇತ್ತು. ಅವತ್ತಿನಿಂದ ಇವತ್ತಿನ ತನಕ ನಮ್ಮ ಮನೆಯಲ್ಲಿ ಏನೂ ಖಾಲಿಯಾಗಿಲ್ಲ. ನನ್ನ ಗಂಡ, "ಚಹಾಪುಡಿ ಐತೇನು?" ಎಂದು ಕೇಳಿದರೆ "ಐತ್ರಿ" ಎನ್ನುತ್ತೇನೆ. "ಮತ್ತ ಚಹಾ ಮಾಡು" ಎಂದರೆ, "ಚಹಾಕ್ಕ ತರಬೇಕ್ರಿ, ಡಬ್ಬ್ಯಾಗಷ್ಟ ಐತಿ" ಎನ್ನುತ್ತೇನೆ. ಪಾಪ, ಅವರು ಚೀಲ ತೆಗೆದುಕೊಂಡು ಕೆಳಗಿಳಿಯುತ್ತಾರೆ. ಹೋಗುವಾಗ 'ಬರ್ತೀನಿ' ಎಂದು ಹೇಳುವುದನ್ನು ಮರೆಯುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನಾನು ಕೆಲಸ ಮಾಡುವುದೂ ಡಬ್ಬಿಗಳ ನಡುವೆಯೇ. ಸನತ್‌ನಗರದಲ್ಲಿ ಒಂದು ಸಣ್ಣ ಕಾರ್ಖಾನೆ. ಹೊಲದ ಪಂಪುಗಳಿಗೆ ಹಾಕುವ ಸ್ಟಾರ್ಟರ್ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತಾರೆ. ಸ್ಟೋರ್ಸ್ ನನ್ನದು. ಉದ್ದನೆಯ ಕೋಣೆ, ಕಬ್ಬಿಣದ ರ‍್ಯಾಕುಗಳು, ಹನ್ನೆರಡು ಸಾಲು, ಸಾಲಿಗೆ ಎಂಟೆಂಟರಂತೆ ತೊಂಬತ್ತಾರು ಡಬ್ಬಿ. ನಟ್ಟು, ಬೋಲ್ಟು, ವಾಷರು, ಸ್ಪ್ರಿಂಗು, ರಬ್ಬರಿನ ಗ್ಯಾಸ್ಕೆಟ್ಟು. ಕತ್ತಲಲ್ಲಿ ಕೈ ಹಾಕಿದರೂ ಯಾವುದು ಎಲ್ಲಿದೆ ಎಂದು ಹೇಳಬಲ್ಲೆ. ಕೆಲಸಗಾರರಲ್ಲಿ ಅರ್ಧ ಜನ ಯಾದಗಿರಿ, ರಾಯಚೂರು ಕಡೆಯವರು. ಅವರಿಗೆ ನಾನು ಅಕ್ಕಾರು, ಮಿಕ್ಕವರಿಗೆ ಅಮ್ಮ, ಮಾಲೀಕರಿಗೆ ಸುಮಂಗಲಮ್ಮ. ಇಪ್ಪತ್ತೆರಡು ವರ್ಷದಿಂದ ಸ್ಟೋರ್ಸಿನ ಕೀಲಿಕೈ ನನ್ನ ಸೊಂಟದಲ್ಲಿದೆ. ಸಾಮಾನು ಕಡಿಮೆಯಾದದ್ದು ಕಣ್ಣಿಗೆ ಬಿದ್ದ ಕೂಡಲೇ 'ಇದು ತರಬೇಕು' ಎಂದು ಚೀಟಿ ಬರೆದು ಆಫೀಸಿಗೆ ಕಳಿಸುತ್ತಿದ್ದೆ. ಒಂದು ದಿನವೂ ಕೆಲಸ ನಿಂತಿರಲಿಲ್ಲ.

ಹೀಗಿರುವಾಗ ಮಾಲೀಕರು ಒಂದು ಬೆಳಿಗ್ಗೆ ಎಲ್ಲರನ್ನೂ ಕರೆದು, ಸ್ಟೋರ್ಸನ್ನು ಕಂಪ್ಯೂಟರ್ ಮಾಡುತ್ತೇವೆ ಎಂದರು. ಎರಡು ತಿಂಗಳು ಬಿಟ್ಟು ಪರೀಕ್ಷೆ. ನಮ್ಮಲ್ಲಿ ಮತ್ತು ಬಾಲಾನಗರದಲ್ಲಿರುವ ಅವರ ಇನ್ನೊಂದು ಶೆಡ್ಡಿನಲ್ಲಿ, ಸ್ಟೋರ್ಸ್ ಕೆಲಸದವರೆಲ್ಲ ಬರೆಯಬೇಕು. ಪಾಸಾದವರು ಇದ್ದಲ್ಲೇ ಇರುತ್ತಾರೆ. ಆಗದವರು ಬೇಜಾರು ಮಾಡಿಕೊಳ್ಳಬಾರದು, ಅವರಿಗೆ ಉಪ್ಪಲ್‌ನ ಹೊಸ ಗೋಡೌನಿನ ಗೇಟಿನಲ್ಲಿ ಬಂದುಹೋಗುವ ಗಾಡಿ ಬರೆದುಕೊಳ್ಳುವ ಕೆಲಸ ಕೊಡುತ್ತೇವೆ ಎಂದು ತೆಲುಗಿನಲ್ಲಿ ಬಹಳ ಪ್ರೀತಿಯಿಂದ ಹೇಳಿದರು. ಮಿಯಾಪುರವೆಲ್ಲಿ, ಉಪ್ಪಲ್ ಎಲ್ಲಿ! ಈಗಾದರೆ ಭರತ್‌ನಗರದಲ್ಲಿ ಮೆಟ್ರೋ ಇಳಿದು ಷೇರ್ ಆಟೋ ಹತ್ತಿದರೆ ಆಯಿತು. ಉಪ್ಪಲ್ ಎಂದರೆ ಅಮೀರ್‌ಪೇಟದಲ್ಲಿ ಇಳಿದು, ಮೆಟ್ಟಿಲು ಹತ್ತಿ, ಇನ್ನೊಂದು ರೈಲಿನಲ್ಲಿ ನುಗ್ಗಿ, ಊರಿನ ಆ ತುದಿಗೆ ಹೋಗಬೇಕು. ಅದಾದರೂ ಸಹಿಸಬಹುದು. ನನ್ನ ಸೊಂಟದ ಕೀಲಿಕೈಯನ್ನು ಬಿಚ್ಚಿ ಇನ್ನೊಬ್ಬರ ಕೈಗೆ ಕೊಟ್ಟು, ಗೇಟಿನಲ್ಲಿ ಕೂತು ಗಾಡಿಯ ನಂಬರು ಬರೆಯುವುದೆ? ಐವತ್ತೆರಡನೆಯ ವಯಸ್ಸಿನಲ್ಲಿ ಆ ಮರ್ಯಾದೆಗೇಡು ನನ್ನಿಂದ ಆಗದು. ಉಪ್ಪಲ್‌ಗೆ ಹೋಗುವುದಿಲ್ಲ ಎಂದು ಅಲ್ಲಿ ನಿಂತ ನಿಲುವಿನಲ್ಲೇ ಹಠ ಹಿಡಿದೆ.

ಕಂಪ್ಯೂಟರ್ ಜೋಡಿಸಲು ಬಂದವಳು ಸ್ವಪ್ನ ಎಂಬ ವರಂಗಲ್ಲಿನ ಹುಡುಗಿ. ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರು. ಕಿರುಬೆರಳಿನಷ್ಟು ತೆಳ್ಳಗಿದ್ದರೂ ದನಿ ಮಾತ್ರ ಗಟ್ಟಿ. ಅವಳು ತೆಲುಗು, ನಾನು ಅರ್ಧ ತೆಲುಗು ಅರ್ಧ ಹಿಂದಿ, ಸಿಟ್ಟು ಬಂದರೆ ಪೂರಾ ಕನ್ನಡ. ಅವಳು ಒಂದೊಂದು ಡಬ್ಬಿಗೂ ಒಂದು ಬಟನ್ನು, ಒಂದು ಪುಟ್ಟ ದೀಪ ಹಚ್ಚಿಸಿದಳು. ಡಬ್ಬಿಯಲ್ಲಿ ಸಾಮಾನು ಇದ್ದರೆ ಹಸಿರು ದೀಪ. ಇಲ್ಲದಿದ್ದರೆ ಬಟನ್ ಒತ್ತಬೇಕು, ದೀಪ ಕೆಂಪಾಗುತ್ತದೆ, ಕೆಂಪಾದ ಕೂಡಲೇ ಸಾಮಾನಿಗೆ ಆರ್ಡರು ತಾನಾಗಿಯೇ ಹೋಗುತ್ತದೆ. "ಎಷ್ಟು ಐತಿ ಅಂತ ಅದು ಕೇಳೂದಿಲ್ಲೇನು?" ಎಂದೆ. ಕೇಳುವುದಿಲ್ಲವಂತೆ. ಇದೆಯೋ ಇಲ್ಲವೋ, ಅಷ್ಟೇ ಅದಕ್ಕೆ ಬೇಕಾದದ್ದು. ಪರೀಕ್ಷೆಗೆಂದು ಒಂದು ಪುಸ್ತಿಕೆಯನ್ನೂ ಕೊಟ್ಟಳು. ನಾನು ತಿರುವಿಹಾಕುತ್ತಿದ್ದಾಗ, "ಮೊದಲಿನ ಪಾಠ ಬಿಟ್ಟುಬಿಡಿ ಮೇಡಂ, ಅದು ಒಳಗಿನ ವಿಷಯ, ನಿಮಗೆ ಬೇಕಿಲ್ಲ, ಬಟನ್ ಒತ್ತಿದರೆ ಸಾಕು. ಅಂತೇ" ಎಂದಳು. 'ಅಂತೇ' ಎಂದರೆ ತೆಲುಗಿನಲ್ಲಿ 'ಅಷ್ಟೇ' ಎಂದು ಅರ್ಥ. ನಿಮಗೆ ಬೇಕಿಲ್ಲ ಎಂದದ್ದು ನನಗೆ ಚುರುಕ್ಕೆಂದಿತು. ಬೇಕೋ ಬೇಡವೋ ನಾನು ನೋಡಿಕೊಳ್ಳುತ್ತೇನೆ ಎಂದುಕೊಂಡು ಅವತ್ತೇ ಮೆಟ್ರೋದಲ್ಲಿ ಮೊದಲಿನ ಪಾಠವನ್ನೇ ತೆರೆದೆ. ಅದರ ಹೆಸರು ಬೈನರಿ.

ಬೈನರಿ ಎಂದರೆ ಎರಡೇ ಅಂಕಿಯ ವ್ಯವಹಾರ. ನಮಗೆ ಸೊನ್ನೆಯಿಂದ ಒಂಬತ್ತರ ತನಕ ಹತ್ತು ಅಂಕಿ ಬೇಕು. ಯಂತ್ರ ನಮ್ಮಂತೆ ದುಂದು ಮಾಡುವುದಿಲ್ಲ, ಅದಕ್ಕೆ ಒಂದು ಮತ್ತು ಸೊನ್ನೆ ಸಾಕು. ಒಂದು ಎಂದರೆ ಕರೆಂಟು ಇದೆ, ಸೊನ್ನೆ ಎಂದರೆ ಇಲ್ಲ. ಇಂಥ ಒಂದು ಅಂಕಿಗೆ ಬಿಟ್ ಎನ್ನುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇದನ್ನು ಓದಿ ನನಗೆ ಖುಷಿಯೋ ಖುಷಿ. ನನ್ನ ರ‍್ಯಾಕಿನ ಒಂದು ಡಬ್ಬಿ ಒಂದು ಬಿಟ್ಟು, ಎಂಟು ಡಬ್ಬಿಯ ಒಂದು ಸಾಲು ಒಂದು ಬೈಟು! ಇಪ್ಪತ್ತೆರಡು ವರ್ಷದಿಂದ ಹನ್ನೆರಡು ಬೈಟಿನ ಒಡತಿಯಾಗಿದ್ದೆ, ಗೊತ್ತೇ ಇರಲಿಲ್ಲ. ಮುಂದೆ ಕಿಲೋಬೈಟ್ ಬಂತು. ಕಿಲೋ ಎಂದರೆ ಸಾವಿರ ತಾನೆ? ಪುಸ್ತಿಕೆಯಲ್ಲಿ ಸಾವಿರದ ಇಪ್ಪತ್ನಾಲ್ಕು ಎಂದಿತ್ತು. ಅಚ್ಚಿನ ತಪ್ಪೆಂದು ಸ್ವಪ್ನಳನ್ನು ಕೇಳಿದೆ. ತಪ್ಪಲ್ಲ, ಎರಡನ್ನು ಇಮ್ಮಡಿಸುತ್ತ ಹೋದರೆ ಅಲ್ಲಿಗೇ ಬಂದು ನಿಲ್ಲುತ್ತದೆ, ಹಳೆಯ ರೂಢಿ ಎಂದಳು. ಅಂದರೆ ಸಾವಿರಕ್ಕೆ ಇಪ್ಪತ್ನಾಲ್ಕು ಕೊಸರು. ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ ಕೇಳದೆಯೇ ಮೇಲೆರಡು ಹಾಕುವ ವ್ಯಾಪಾರಿಯ ಬುದ್ಧಿ ಯಂತ್ರಕ್ಕೂ ಇದೆ ಎಂದು ಅದರ ಮೇಲೆ ನನಗೆ ಸ್ವಲ್ಪ ಗೌರವ ಬಂತು.

ಆದರೆ ಸಂಖ್ಯೆಗಳನ್ನು ಬೈನರಿಯಲ್ಲಿ ಬರೆಯುವುದು ತಲೆಗೆ ಹತ್ತಲೊಲ್ಲದು. ಬಲಗಡೆಯಿಂದ ಮೊದಲ ಮನೆಯ ಬೆಲೆ ಒಂದು, ಆಮೇಲೆ ಎರಡು, ನಾಲ್ಕು, ಎಂಟು, ಹದಿನಾರು. ಬೇಕಾದ ಮನೆಗೆ ಒಂದು ಬರೆಯಬೇಕು, ಬೇಡವಾದದ್ದಕ್ಕೆ ಸೊನ್ನೆ. ಕೇಳಲು ಸುಲಭ. ನಾನು ಚಿಕ್ಕಂದಿನಲ್ಲಿ ಮಗ್ಗಿ ಕಲಿತಂತೆ ಕಲಿಯೋಣವೆಂದು ಸಂಜೆ ಹಾಲ್‌ನಲ್ಲಿ ಕೂತು, "ಒಂದು ಸೊನ್ನೆ ಸೊನ್ನೆ, ಒಂದು ಸೊನ್ನೆ ಒಂದು" ಎಂದು ಜೋರಾಗಿ ಶುರು ಮಾಡಿದೆ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅತ್ತೆ ಕಡ್ಡಿಪೆಟ್ಟಿಗೆ ಹಿಡಿದೇ ಬಂದರು.

"ಏ ಸುಮಂಗಲಾ, ದೀಪಾ ಹಚ್ಚೂ ಹೊತ್ತಿನ್ಯಾಗ ಏನದು ಸೊನ್ನಿ ಸೊನ್ನಿ ಅಂತ ಒದರಾಕತ್ತೀ? ಮನ್ಯಾಗ ಏನರ ಉಳೀಬೇಕೋ ಬ್ಯಾಡೋ?"

"ಪರೀಕ್ಷಾಕ್ಕ ಐತ್ರಿ ಅತ್ತೇರ."

"ಒಂದು ಒಂದು ಅನ್ನು. ಭಾಳಾದ್ರ ಎರಡು ಅನ್ನು. ಸೊನ್ನಿ ಮಾತ್ರ ನಾ ಇರೂತನಾ ಈ ಮನ್ಯಾಗ ಬ್ಯಾಡ."

ಸೊನ್ನೆ ಇಲ್ಲದ ಬೈನರಿಯನ್ನು ಜಗತ್ತಿನಲ್ಲಿ ಯಾರೂ ಕಲಿತಿಲ್ಲ. ಸರಿ, ಬಾಯಿಂದ ಹೇಳಬಾರದು ತಾನೆ, ಕೈಯಿಂದ ಕಲಿಯುತ್ತೇನೆ ಎಂದು ಎದ್ದೆ. ಹಾಲ್‌ನ ಗೋಡೆಯ ಮೇಲೆ ಐದು ಸ್ವಿಚ್ಚಿನ ಬೋರ್ಡಿದೆ. ಬಲಗಡೆಯಿಂದ ಸಣ್ಣ ಬಲ್ಬು, ಟ್ಯೂಬ್‌ಲೈಟು, ಫ್ಯಾನು, ಬಾಲ್ಕನಿಯ ದೀಪ, ಟೀವಿ. ಸಣ್ಣ ಬಲ್ಬಿಗೆ ಒಂದು, ಟ್ಯೂಬ್‌ಲೈಟಿಗೆ ಎರಡು, ಫ್ಯಾನಿಗೆ ನಾಲ್ಕು, ಬಾಲ್ಕನಿಗೆ ಎಂಟು, ಟೀವಿಗೆ ಹದಿನಾರು. ದಿನಾ ಸಂಜೆ ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆಸಿಕೊಂಡು ಅದಕ್ಕೆ ತಕ್ಕಂತೆ ಸ್ವಿಚ್ ಹಾಕುವುದು, ತೆಗೆಯುವುದು. ನಾಲ್ಕು ದಿನ ನಿರಾತಂಕವಾಗಿ ನಡೆಯಿತು. ಐದನೆಯ ದಿನ ಅತ್ತೆಯ ತಾಳ್ಮೆ ಹೆಚ್ಚಾಯಿತು. ಅವರ ಕಾಯಿದೆಯ ಪ್ರಕಾರವೇ ಹೇಳುತ್ತಿದ್ದೇನೆ.

"ನನ್ನ ಫ್ಯಾನ್ ಯಾಕ ಬಂದ್ ಮಾಡಿದಿ?"

"ಹನ್ನೊಂದು ಮಾಡಾಕತ್ತೀನ್ರಿ ಅತ್ತೇರ. ಹನ್ನೊಂದ್ರಾಗ ಫ್ಯಾನ್ ಬರೂದಿಲ್ರಿ."

"ನಿನ್ನಿ ಹದಿಮೂರು ಅಂದಾಗ ಬಂದಿತ್ತಲ್ಲ!"

"ಹದಿಮೂರಂದ್ರ ಎಂಟು, ನಾಕು, ಒಂದು. ನಾಕು ಅಂದ್ರ ಫ್ಯಾನ್ ರಿ. ಹನ್ನೊಂದಂದ್ರ ಎಂಟು, ಎರಡು, ಒಂದು. ಅದ್ರಾಗ ನಾಕು ಎಲ್ಲಿಂದ ತರ್ಲಿ?"

"ಹಂಗಾದ್ರ ಹನ್ನೊಂದು ಬ್ಯಾಡ. ಹದಿಮೂರ ಮಾಡು."

ಅವತ್ತಿನಿಂದ ಅತ್ತೆ ಸೆಕೆಗೆ ಹೆದರಿ ಲೆಕ್ಕ ಕಲಿಯಲು ಹತ್ತಿದರು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು. ನಾನು ಒಂಬತ್ತು ಎಂದು ಮನಸ್ಸಿನಲ್ಲಿ ಅಂದುಕೊಂಡು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ, "ಎಂಟು, ಒಂಬತ್ತು, ಹತ್ತು, ಹನ್ನೊಂದು, ಇವು ನಾಕೂ ದರಿದ್ರ ನಂಬರು, ಬ್ಯಾಡ" ಎನ್ನುತ್ತಿದ್ದರು. ಒಂದು ವಾರದೊಳಗೆ ತಮಗೆ ಸರಿಹೊಂದುವ ಸಂಖ್ಯೆಯನ್ನು ತಾವೇ ಕಂಡುಹಿಡಿದರು. ಇಪ್ಪತ್ತೆರಡು! ಹದಿನಾರು ಟೀವಿ, ನಾಲ್ಕು ಫ್ಯಾನು, ಎರಡು ಟ್ಯೂಬ್‌ಲೈಟು. ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಸೋಫಾದ ಮೇಲೆ ಕಾಲು ಮಡಚಿ ಕೂತು, "ಇಪ್ಪತ್ತೆರಡು ಹಚ್ಚು ಬಾ" ಎಂದು ಕೂಗುತ್ತಿದ್ದರು. ನನ್ನ ಗಂಡ ಅಂಗಡಿಯಿಂದ ಬರುವಾಗ ಕೆಳಗಿನಿಂದಲೇ ತಲೆಯೆತ್ತಿ ನೋಡುತ್ತಿದ್ದರು. ಬಾಲ್ಕನಿಯ ದೀಪವೊಂದೇ ಉರಿಯುತ್ತಿದ್ದರೆ, "ಇವತ್ತು ಎಂಟು. ಕತ್ತಲ್ಯಾಗ ಉಣ್ಣೂದು" ಎಂದು ಲಿಫ್ಟಿನ ಹತ್ತಿರ ಸಿಕ್ಕವರಿಗೆಲ್ಲ ಹೇಳಿ ನನ್ನ ಮಾನ ಕಳೆಯುತ್ತಿದ್ದರು.

ಅವರಿಗೇನು ಗೊತ್ತು, ನನ್ನ ಪುಸ್ತಿಕೆಯ ಎರಡನೆಯ ಪಾಠದಲ್ಲಿ ಅವರೂ ಇದ್ದರು. ಲಾಜಿಕ್ ಗೇಟ್ ಎಂದು ಆ ಪಾಠದ ಹೆಸರು. ಆ್ಯಂಡ್ ಗೇಟ್ ಎಂಬುದಕ್ಕೆ ಎರಡೂ ಕಡೆಯಿಂದ ಒಂದು ಬಂದರೆ ಮಾತ್ರ ಆಚೆ ಒಂದು ಹೋಗುತ್ತದೆ. ನಾನು ತವರಿಗೆ ಹೋಗುವುದು ಹಾಗೆಯೇ, ಗಂಡನೂ ಹೂಂ ಅನ್ನಬೇಕು, ಅತ್ತೆಯೂ ಹೂಂ ಅನ್ನಬೇಕು. ಆರ್ ಗೇಟಿಗೆ ಇಬ್ಬರಲ್ಲಿ ಒಬ್ಬರು ಸಾಕು. ಊರಿನಿಂದ ನೆಂಟರು ಬಂದಾಗ ಚಹಾಕ್ಕೆ ನೀರಿಡಲು ಯಾರು ಹೇಳಿದರೂ ನಡೆಯುತ್ತದೆ. ನಾಟ್ ಗೇಟ್ ಎಂಬುದು ಇನ್ನೊಂದು. ಅದಕ್ಕೆ ಒಂದು ಕೊಟ್ಟರೆ ಸೊನ್ನೆ ಕೊಡುತ್ತದೆ, ಸೊನ್ನೆ ಕೊಟ್ಟರೆ ಒಂದು. ಇದಕ್ಕೆ ಉದಾಹರಣೆ ಹುಡುಕಲು ನಾನು ಬಹಳ ದೂರ ಹೋಗಬೇಕಾಗಲಿಲ್ಲ, ಪಕ್ಕದಲ್ಲೇ ಗೊರಕೆ ಹೊಡೆಯುತ್ತಿತ್ತು. ಕಿಟಕಿ ತೆಗೆಯಿರಿ ಎಂದರೆ ಮುಚ್ಚುವ, ಮುಚ್ಚಿರಿ ಎಂದರೆ ತೆಗೆಯುವ ಆ ಗೇಟಿನ ಜೊತೆ ಇಪ್ಪತ್ತೆಂಟು ವರ್ಷ ಬಾಳ್ವೆ ಮಾಡಿದ ನನಗೆ ಯಾವ ಪರೀಕ್ಷೆಯ ಭಯ? ಬೈನರಿ ಫೈಲ್ ಎಂಬ ಇನ್ನೊಂದು ಪದ ಮಾತ್ರ ಸ್ವಲ್ಪ ಕಾಡಿತು. ಮನುಷ್ಯರು ಅಕ್ಷರದಲ್ಲಿ ಬರೆದದ್ದನ್ನು ಯಂತ್ರ ಓಡಿಸಲು ಬರುವಂತೆ ಬರೀ ಒಂದು ಮತ್ತು ಸೊನ್ನೆಗಳಿಗೆ ಮಾರ್ಪಡಿಸಿಟ್ಟ ಫೈಲಂತೆ. ತೆರೆದು ನೋಡಿದರೆ ನಮಗೆ ತಲೆಬುಡ ತಿಳಿಯುವುದಿಲ್ಲವಂತೆ. "ಅಂದ್ರ ಹಿಟ್ಟು ರೊಟ್ಟಿ ಆದಂಗ. ತಿನ್ನಾಕ ಬರ್ತೈತಿ, ತಿರುಗಿ ಹಿಟ್ಟು ಮಾಡಾಕ ಬರೂದಿಲ್ಲ, ಹೌದಿಲ್ಲೋ?" ಎಂದು ಕೇಳಿದೆ. ಸ್ವಪ್ನ, ತನ್ನ ಕಾಲೇಜಿನಲ್ಲಿ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ ಎಂದಳು. ಅವತ್ತು ಅವಳಿಗೆ ನನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಕೊಟ್ಟೆ.

ಪರೀಕ್ಷೆಯಲ್ಲಿ ಎಂಟು ಪ್ರಶ್ನೆ. ಮೂರನೆಯದು, ಬೇಕಿಲ್ಲ ಎಂದಿದ್ದ ಆ ಮೊದಲಿನ ಪಾಠದಿಂದಲೇ, ಇಪ್ಪತ್ತೆರಡನ್ನು ಬೈನರಿಯಲ್ಲಿ ಬರೆಯಿರಿ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಟೀವಿ ಇದೆ, ಬಾಲ್ಕನಿ ಇಲ್ಲ, ಫ್ಯಾನ್ ಇದೆ, ಟ್ಯೂಬ್‌ಲೈಟ್ ಇದೆ, ಸಣ್ಣ ಬಲ್ಬು ಇಲ್ಲ. ಒಂದು ಸೊನ್ನೆ ಒಂದು ಒಂದು ಸೊನ್ನೆ. ಎಂಟಕ್ಕೆ ಎಂಟೂ ಸರಿ. ಮಾಲೀಕರು ಎಲ್ಲರೆದುರು, "ಶಭಾಷ್ ಸುಮಂಗಲಮ್ಮಾ!" ಎಂದು ಪೇಡೆ ಕೊಟ್ಟರು. ಕೀಲಿಕೈ ನನ್ನ ಸೊಂಟದಲ್ಲೇ ಉಳಿಯಿತು. ಆ ದಿನ ಭರತ್‌ನಗರದಿಂದ ಮಿಯಾಪುರದ ತನಕ ಮೆಟ್ರೋದಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ.

ಯಂತ್ರ ಶುರುವಾಯಿತು. ತೊಂಬತ್ತಾರು ಡಬ್ಬಿಗೂ ತೊಂಬತ್ತಾರು ಹಸಿರು ದೀಪ. ನೋಡಲು ಎರಡು ಕಣ್ಣು ಸಾಲದು. ಯಂತ್ರ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆಂದು ಚೀಟಿ ಬರೆಯುವುದನ್ನು ಬಿಟ್ಟೆ. ಒಂದು ವಾರ ಕಳೆಯಿತು, ಎರಡು ಕಳೆಯಿತು, ಮೂರಾಯಿತು. ಒಂದು ದೀಪವೂ ಕೆಂಪಾಗಲಿಲ್ಲ. ಮಾಲೀಕರು ಬಂದವರಿಗೆಲ್ಲ ಸ್ಟೋರ್ಸ್ ತೋರಿಸಿ ಹೆಮ್ಮೆಪಡುತ್ತಿದ್ದರು. ನಾನು ಮನೆಗೆ ಹೋಗಿ ಅತ್ತೆಗೆ ಹೇಳುತ್ತಿದ್ದೆ. ಅವರೂ, "ಕೆಂಪು ಆಗಬಾರದವಾ, ಹಸಿರ ಇರ್ಲಿ" ಎಂದು ಹರಸುತ್ತಿದ್ದರು.

ನಾಲ್ಕನೆಯ ವಾರದ ಗುರುವಾರ ಬೆಳಿಗ್ಗೆ ಯಾದಗಿರಿಯ ಬಸವರಾಜ ಬಂದು, "ಅಕ್ಕಾರ, ನಲವತ್ತು ಗ್ಯಾಸ್ಕೆಟ್ ಕೊಡ್ರಿ" ಎಂದ. ನೋಡಿದರೆ ಡಬ್ಬಿಯಲ್ಲಿ ಇದ್ದದ್ದು ಒಂದೇ. ನಾಳೆ ಬಾ ಎಂದೆ. ಹಿಂದೆಯೇ ಸ್ಪ್ರಿಂಗಿಗೆ ಇನ್ನೊಬ್ಬ ಬಂದ. ಅಲ್ಲೂ ಒಂದೇ. ಹನ್ನೊಂದು ಗಂಟೆಯ ಹೊತ್ತಿಗೆ ಕೆಲಸ ಪೂರಾ ನಿಂತುಹೋಯಿತು. ಹದಿನಾಲ್ಕು ಜನ ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ಕೂತರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸ್ಟೋರ್ಸಿನಿಂದಾಗಿ ಕಾರ್ಖಾನೆ ನಿಂತಿತು. ಮಾಲೀಕರು ಫೋನ್ ಮೇಲೆ ಫೋನ್ ಮಾಡಿದರು. ಗ್ಯಾಸ್ಕೆಟ್ ಕೊಡುವವನು ತನಗೆ ಆರ್ಡರೇ ಬಂದಿಲ್ಲ ಎಂದ. ಸ್ಪ್ರಿಂಗಿನವನೂ ಅದನ್ನೇ ಹೇಳಿದ. ಕಂಪ್ಯೂಟರ್ ನೋಡಿದರೆ ಎಲ್ಲ ಸಾಮಾನೂ ಇದೆ ಎನ್ನುತ್ತಿದೆ. ಸ್ವಪ್ನ ಆಟೋದಲ್ಲಿ ಓಡಿಬಂದಳು. ತಂತಿ ಎಳೆದು ನೋಡಿದಳು, ಬಟನ್ ಬಿಚ್ಚಿ ನೋಡಿದಳು, ಲ್ಯಾಪ್‌ಟಾಪ್ ತೆರೆದು ಮೂರು ಸಲ ತಪಾಸಣೆ ಮಾಡಿ, "ಸಿಸ್ಟಮ್ ಕರೆಕ್ಟೇ ಸರ್" ಎಂದಳು. ಅವಳಿಗಿಂತ ಗಟ್ಟಿಯಾಗಿ ನಾನು, "ಕರೆಕ್ಟ್ ಅಂತ ಕರೆಕ್ಟು! ಮಷೀನು ಹಾಡಹಗಲೇ ಸುಳ್ಳು ಹೇಳಾಕತ್ತೈತಿ!" ಎಂದು ಕೂಗಾಡಿದೆ. ಸಿಟ್ಟು ಬಂದಿತ್ತಲ್ಲ, ಕನ್ನಡ ತಾನಾಗಿ ಬಂತು. ಮಾಲೀಕರು ಈ ಸಾಮಾನನ್ನೆಲ್ಲ ಬಿಚ್ಚಿಕೊಂಡು ಹೋಗಿ ಎಂದು ಹೇಳಿ, ಅವಳ ಕಂಪನಿಯವರಿಗೆ ಬಯ್ಯಲು ಫೋನ್ ಹಿಡಿದು ಅಂಗಳಕ್ಕೆ ಹೋದರು.

ಸ್ಟೋರ್ಸಿನಲ್ಲಿ ನಾವಿಬ್ಬರೇ ಉಳಿದೆವು. ಅವಳ ಕಣ್ಣಲ್ಲಿ ನೀರು. "ಇದು ನಾನು ಒಬ್ಬಳೇ ಮಾಡಿದ ಮೊದಲ ಕೆಲಸ ಮೇಡಂ" ಎಂದಳು. ಆಮೇಲೆ ಮೆಲ್ಲಗೆ, "ಡಬ್ಬಿ ಖಾಲಿಯಾದಾಗ ನೀವು ಬಟನ್ ಒತ್ತಿದಿರಿ ತಾನೆ?" ಎಂದು ಕೇಳಿದಳು. "ಖಾಲಿ ಆದ್ರ ಒತ್ತೂದು! ಆಗೇ ಇಲ್ಲಲ್ಲ, ನೋಡು ಬಾ" ಎಂದು ಅವಳ ಕೈ ಹಿಡಿದು ಸಾಲುಸಾಲಾಗಿ ತೋರಿಸಿದೆ. ಇಲ್ಲಿ ಒಂದು ಗ್ಯಾಸ್ಕೆಟ್, ಇಲ್ಲಿ ಒಂದು ಸ್ಪ್ರಿಂಗು, ಇಲ್ಲಿ ಒಂದು ವಾಷರು. ಇಪ್ಪತ್ಮೂರು ಡಬ್ಬಿಗಳಲ್ಲಿ ಒಂದೊಂದೇ, ತಳ ಕಾಣದಂತೆ ನಾನೇ ಉಳಿಸಿದ್ದು. ಇಪ್ಪತ್ಮೂರನೆಯ ಡಬ್ಬಿಯ ಹತ್ತಿರ ಬರುವಷ್ಟರಲ್ಲಿ ನನ್ನ ದನಿ ಇಳಿದಿತ್ತು. ಸ್ವಪ್ನ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು, ತಲೆ ತಗ್ಗಿಸಿದಳು. ಯಂತ್ರ ಸುಳ್ಳು ಹೇಳಿರಲಿಲ್ಲ. ಒಂದು ಇದೆಯೇ ಎಂದು ಅದು ಕೇಳಿತ್ತು, ಒಂದು ಇದೆ ಎಂದು ನಾನು ಹೇಳಿದ್ದೆ. ಅಡುಗೆಮನೆಯ ಕಾಯಿದೆಯನ್ನು ತಂದು ಕಾರ್ಖಾನೆ ನಿಲ್ಲಿಸಿದವಳು ನಾನು.

ಸತ್ಯ ಹೇಳುತ್ತೇನೆ, ಆಗ ನನ್ನ ಮನಸ್ಸು ಕೆಟ್ಟದ್ದನ್ನು ಯೋಚಿಸಿತು. ಅಂಗಳದಲ್ಲಿ ಮಾಲೀಕರ ದನಿ ಏರುತ್ತಿತ್ತು. ನಾನು ಸುಮ್ಮನಿದ್ದರೆ ಯಂತ್ರ ಸಂಜೆಯೊಳಗೆ ಗಂಟುಮೂಟೆ ಕಟ್ಟುತ್ತದೆ. ಚೀಟಿಯ ಕಾಲ ಮತ್ತೆ ಬರುತ್ತದೆ, ಕೀಲಿಕೈ ನನ್ನಲ್ಲೇ ಇರುತ್ತದೆ. ಬಾಯಿಬಿಟ್ಟರೆ ಉಪ್ಪಲ್‌ನ ಗೇಟು. ಈ ಹುಡುಗಿ ಹೇಳುವುದಿಲ್ಲ, ಹಿರಿಯರೆಂದು ಮರ್ಯಾದೆ ಕೊಟ್ಟು ನುಂಗಿಕೊಳ್ಳುತ್ತಾಳೆ, ಅದು ಅವಳ ಮುಖದ ಮೇಲೇ ಕಾಣುತ್ತಿತ್ತು. ಅದೇ ನನಗೆ ತಡೆಯಲಾಗಲಿಲ್ಲ. ನನ್ನ ರೊಟ್ಟಿ ತಿಂದು, ಎರಡು ತಿಂಗಳು ನನ್ನ ಅಡ್ಡ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವಳು. ಹಾಳಾಗಿ ಹೋಗಲಿ ಗೇಟು ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಹೋದೆ. "ಸಾರ್, ಫೋನ್ ಇಡಿ. ಯಂತ್ರದ ತಪ್ಪಿಲ್ಲ, ಈ ಹುಡುಗಿಯ ತಪ್ಪೂ ಇಲ್ಲ, ತಪ್ಪು ನನ್ನದು" ಎಂದು ನನ್ನ ಒಡಕು ತೆಲುಗಿನಲ್ಲಿ ಎಲ್ಲವನ್ನೂ ಹೇಳಿದೆ. ಲಕ್ಷ್ಮಿಯ ವಿಷಯವನ್ನೂ ಬಿಡಲಿಲ್ಲ. ಬೇವಿನ ಮರದ ಕೆಳಗಿದ್ದ ಹದಿನಾಲ್ಕು ಜನವೂ ಬೀಡಿ ಆರಿಸಿ ಕೇಳಿದರು. ಮಾಲೀಕರ ಉತ್ತರಕ್ಕೆ ಕಾಯದೆ ಒಳಗೆ ಬಂದು ಇಪ್ಪತ್ಮೂರು ಬಟನ್ನನ್ನೂ ಒಂದೊಂದಾಗಿ ಒತ್ತಿದೆ. ಪ್ರತಿ ದೀಪ ಕೆಂಪಾದಾಗಲೂ, ತಾಯೀ ಸಿಟ್ಟಾಗಬೇಡ ಎಂದು ಒಳಗೊಳಗೇ ಬೇಡಿಕೊಂಡೆ.

ಮರುದಿನ ಮಧ್ಯಾಹ್ನದೊಳಗೆ ಸಾಮಾನೆಲ್ಲ ಬಂತು, ಯಂತ್ರ ಬಿಚ್ಚುವ ಮಾತನ್ನು ಮಾಲೀಕರು ಮತ್ತೆ ಎತ್ತಲಿಲ್ಲ. ಆಮೇಲೆ ಸ್ವಪ್ನಳೂ ನಾನೂ ಕೂತು ಹೊಸ ರೂಢಿ ಮಾಡಿದೆವು. ಡಬ್ಬಿಯಲ್ಲಿ ಎರಡು ದಿನದ ಕೆಲಸಕ್ಕೆ ಆಗುವಷ್ಟು ಉಳಿದಾಗಲೇ ಬಟನ್ ಒತ್ತಿಬಿಡಬೇಕು. ಕೆಂಪು ದೀಪ ಎಂದರೆ ಖಾಲಿ ಎಂದಲ್ಲ, ತರಬೇಕು ಎಂದು. ಹೊಸ ಸಾಮಾನು ಬಂದು ಹಳೆಯದರ ಮೇಲೆ ಬೀಳುತ್ತದೆ, ತಳ ಎಂದೂ ಕಾಣುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿಯೂ ಹೀಗೆಯೇ ಮಾಡುತ್ತಾರೆ ಮೇಡಂ, ನಾನೇ ಮೊದಲು ಕೇಳಬೇಕಿತ್ತು ಎಂದು ಸ್ವಪ್ನ ಹೇಳಿದಳು. ಒಂದೂವರೆ ತಿಂಗಳು ಒಂದು ನಿಮಿಷವೂ ಕೆಲಸ ನಿಲ್ಲಲಿಲ್ಲ. ಮಾಲೀಕರು ನನ್ನನ್ನು ಆಫೀಸಿಗೆ ಕರೆದು ಕುರ್ಚಿ ತೋರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. "ಸುಮಂಗಲಮ್ಮಾ, ಈ ಸಿಸ್ಟಮ್ ಒಳಗೂ ಹೊರಗೂ ತಿಳಿದವರು ನಮ್ಮಲ್ಲಿ ನೀವೊಬ್ಬರೇ. ತಪ್ಪು ಒಪ್ಪಿಕೊಳ್ಳುವ ಧೈರ್ಯವೂ ಇದೆ. ಹೊಸ ಗೋಡೌನಿನಲ್ಲಿ ಎಂಟುನೂರು ಡಬ್ಬಿ ಬರುತ್ತವೆ. ನೀವೇ ಹೋಗಿ ನೋಡಿಕೊಳ್ಳಬೇಕು. ಸಂಬಳವೂ ಹೆಚ್ಚು" ಎಂದರು. ಹೊಸ ಗೋಡೌನು ಎಂದರೆ ಉಪ್ಪಲ್. ಹೊಗಳಿಕೆ ಕಿವಿಗೆ ಬಿದ್ದ ಖುಷಿಯಲ್ಲಿ ನಾನು ಆಗಲೇ ತಲೆಯಾಡಿಸಿಬಿಟ್ಟಿದ್ದೆ. ಉಪ್ಪಲ್ ಎಂದು ಅರಿವಾದದ್ದು ಆಮೇಲೆ.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ನಕ್ಕು ನಕ್ಕು ಕೆಮ್ಮಿದರು. ಅತ್ತೆ ಮಾತ್ರ ನಗದೆ, "ಫೇಲಾದ್ರ ಉಪ್ಪಲ್ ಅಂದಿದ್ದಿ. ಪಾಸಾದ್ರೂ ಉಪ್ಪಲ್ ಅಂದ್ರ, ನಡುವ ನನ್ನ ಫ್ಯಾನ್ ಯಾಕ ಬಂದ್ ಮಾಡಿದ್ದಿ?" ಎಂದು ಕೇಳಿದರು. ಎಂಟಕ್ಕೆ ಎಂಟು ತೆಗೆದ ನಾನು ಎದ್ದು ಹೋಗಿ ಅವರಿಗೆ ಇಪ್ಪತ್ತೆರಡು ಹಚ್ಚಿದೆ.

ಈಗ ದಿನಾ ಅಮೀರ್‌ಪೇಟದಲ್ಲಿ ಇಳಿದು, ಮೆಟ್ಟಿಲು ಹತ್ತಿ, ಇನ್ನೊಂದು ರೈಲು ಹಿಡಿಯುತ್ತೇನೆ. ಗೋಡೌನಿನಲ್ಲಿ ಎಂಟುನೂರು ಡಬ್ಬಿಗಳ ನಡುವೆ ಬೆಳಗಿನಿಂದ ಸಂಜೆಯ ತನಕ ನಿಂತೇ ಕೆಲಸ. ಒಳಗೆ ತಗಡಿನ ಸೂರಿನ ಕಾವು. ಗೇಟಿನಲ್ಲಿ ಮಾತ್ರ ಹೊಂಗೆ ಮರದ ನೆರಳು, ಅದರಡಿಯಲ್ಲಿ ಒಂದು ಕೋಣೆ, ಕೋಣೆಯಲ್ಲಿ ಕೈ ಇರುವ ಕುರ್ಚಿ. ಅಲ್ಲಿ ಕೂತಿರುವವರು ಸಿಂಧನೂರಿನ ಮಲ್ಲೇಶಪ್ಪನವರು. ಬಾಲಾನಗರದ ಶೆಡ್ಡಿನಲ್ಲಿ ಸ್ಟೋರ್ಸ್ ನೋಡುತ್ತಿದ್ದವರಂತೆ. ದಿನಕ್ಕೆ ಆರೇಳು ಗಾಡಿ ಬರುತ್ತವೆ, ನಂಬರು ಬರೆದುಕೊಳ್ಳುತ್ತಾರೆ. ಚಹಾ ಮೊದಲು ಅವರಿಗೇ ಬರುತ್ತದೆ. ಮೊನ್ನೆ ಮಧ್ಯಾಹ್ನ ಅವರು ಉಂಡು, ಕಣ್ಣು ಮುಚ್ಚಿ, ಸಣ್ಣಗೆ ಒಂದು ಭಜನೆ ಗುನುಗುತ್ತಿದ್ದಾಗ ತಡೆಯಲಾರದೆ ಹತ್ತಿರ ಹೋದೆ.

"ಮಲ್ಲೇಶಪ್ಪಾರ, ಪರೀಕ್ಷಾ ನಿಮಗ ಭಾಳ ಕಠಿಣ ಆಗಿತ್ತೇನ್ರಿ?"

"ಕಠಿಣ ಎಲ್ಲೀದ್ರಿ ಅಕ್ಕಾರ, ಎಲ್ಲಾ ಬರ್ತಿತ್ತು" ಎಂದರು ಅವರು ಕಣ್ಣು ತೆರೆಯದೆಯೇ. "ನಮ್ಮ ಮನಿ ಇಲ್ಲೇ ಉಪ್ಪಲ್ಲಾಗ ಐತ್ರಿ. ಎಂಟೂ ಬಿಟ್ಟು ಖಾಲಿ ಪೇಪರ್ ಕೊಟ್ಟು ಬಂದೆ."